ಓಡುವ ಅಕ್ಷರದ ದಪ್ಪ

"ಅಣ್ಣಾ, ಇನ್ನೂ ಕೊಂಜಂ ದಪ್ಪ ಮಾಡಿ."

ಈ ಮಾತು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಹೊಸೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಮದುವೆ, ಗೃಹಪ್ರವೇಶ, ಹೆಣ್ಣುಮಗಳು ದೊಡ್ಡವಳಾದ ಶಾಸ್ತ್ರ, ಲೀಡರುಗಳ ಹುಟ್ಟುಹಬ್ಬ, ಸಾವು, ತಿಥಿ, ಮನುಷ್ಯ ಬಂದದ್ದಕ್ಕೂ ಹೋದದ್ದಕ್ಕೂ ಇಲ್ಲಿ ಬ್ಯಾನರ್ ಬೇಕು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾಡಿಕೊಡುತ್ತೇನೆ. ಭಾಷೆ ಯಾವುದಾದರೂ ಗಿರಾಕಿ ಕೇಳುವುದು ಒಂದೇ. ನನ್ನ ಕುರ್ಚಿಯ ಹಿಂದೆ ನಿಂತು, ಬೋಂಡ ತಿಂದ ಬೆರಳನ್ನು ಪರದೆಗೆ ಒತ್ತಿ, ಅಕ್ಷರ ದಪ್ಪ ಮಾಡಿ ಅನ್ನುತ್ತಾನೆ. ದಪ್ಪ ಮಾಡಿದರೆ ಜಾಗ ಸಾಲುವುದಿಲ್ಲ ಅಂದರೆ, ಪರವಾಗಿಲ್ಲ, ಫೋಟೋನೂ ದೊಡ್ಡದು ಮಾಡಿ ಅನ್ನುತ್ತಾನೆ. ಮೊದಮೊದಲು ವಾದ ಮಾಡುತ್ತಿದ್ದೆ. ಈಗ ಕತ್ತು ಹಿಡಿದುಕೊಂಡಿದೆ, ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಕೂರಬೇಕು. ವಾದಕ್ಕೆ ತ್ರಾಣವಿಲ್ಲ. ಕೇಳಿದ್ದು ಮಾಡಿ ಕಳಿಸುತ್ತೇನೆ.

ಡೆಂಕಣಿಕೋಟೆ, ಜವಳಗಿರಿ ಕಡೆ ಹೋದರೆ ಕನ್ನಡ ಬ್ಯಾನರುಗಳಲ್ಲಿ ಒಂದು ಬಗೆಯ ಅಕ್ಷರ ಕಾಣುತ್ತದೆ. ಮೈತುಂಬ ದಪ್ಪ, ಬಲಕ್ಕೆ ವಾಲಿಕೊಂಡು, ಕೊನೆ ಬಸ್ಸು ತಪ್ಪಿಹೋಗುತ್ತದೆ ಅನ್ನುವವರ ಹಾಗೆ ಓಡುತ್ತಿರುತ್ತದೆ. ಆ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸಿ ಫಾಂಟ್ ಮಾಡಿದವನು ನಾನು. ಅಕ್ಷರ ಮಾತ್ರ ನನ್ನದಲ್ಲ. ನನ್ನ ಸೋದರಮಾವನದು ಅಂತ ಊರೆಲ್ಲ ಹೇಳುತ್ತದೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ಅತ್ತೆಯದು, ಮಾವನ ಹೆಂಡತಿಯದು. ಆ ಅರ್ಧವನ್ನು ಮಾವ ಒಂದೇ ಒಂದು ಸಲ ತನ್ನ ಬಾಯಿಂದ ಹೇಳಲಿ ಅಂತ ಅತ್ತೆಗೆ ಆಸೆಯಿತ್ತು. ಅವಳು ಕಣ್ಣು ಮುಚ್ಚುವುದರೊಳಗೆ ಹೇಳಿಸಬೇಕು ಅಂತ ನನಗೂ ಇತ್ತು. ಅದಕ್ಕೆ ನಾನು ಮಾಡಿದ್ದೇನು, ಮಾಡದೆ ಬಿಟ್ಟಿದ್ದೇನು ಅಂತ ಈಗ ಕೂತು ಯೋಚಿಸಿದರೆ ಮೈಯೆಲ್ಲ ಭಾರವಾಗುತ್ತದೆ.

ಮಾವ ಲಾರಿಗಳಿಗೆ ಬರೆಯುತ್ತಿದ್ದ. ರಾಯಕೋಟೆ ರಸ್ತೆಯ ಲಾರಿ ಷೆಡ್ಡುಗಳಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಲಾರಿಯ ಹಣೆಗೆ ಮನೆದೇವರ ಹೆಸರು ಬರೆದ ಒಂದು ಉದ್ದನೆಯ ತಗಡು ಕೂರಿಸುತ್ತಾರಲ್ಲ, ಅದು ಮಾವನ ಕೈಚಳಕ. ಬಾಗಿಲಿಗೆ ಮಾಲೀಕನ ಊರು, ಹಿಂದಿನ ಹಲಗೆಗೆ ತಂದೆ ತಾಯಿಯ ಆಶೀರ್ವಾದ. ಎಲ್ಲವೂ ಓಡುವ ಅಕ್ಷರ. ಅವನು ವಾಲಿದ ಅಕ್ಷರ ಅನ್ನುತ್ತಿರಲಿಲ್ಲ, ಓಡೋ ಅಕ್ಷರ ಅನ್ನುತ್ತಿದ್ದ. ಅದಕ್ಕೆ ಅವನದೇ ಕಟ್ಟುನಿಟ್ಟು ಇತ್ತು. ಲಾರಿಯ ಬಲಬದಿಗೆ ಬರೆದರೆ ಅಕ್ಷರ ಬಲಕ್ಕೆ ವಾಲಬೇಕು, ಎಡಬದಿಗೆ ಬರೆದರೆ ಎಡಕ್ಕೆ. ಗಾಡಿಯನ್ನು ಯಾವ ಕಡೆಯಿಂದ ನೋಡಿದರೂ ಅಕ್ಷರ ಮುಂದಕ್ಕೇ ಓಡಬೇಕು, ಹಿಂದಕ್ಕೆ ಜಗ್ಗಬಾರದು. ಎಡಕ್ಕೆ ವಾಲಿಸಿ ಬರೆಯುವುದು ಕೈಗೆ ಒಗ್ಗದ ಕೆಲಸ, ಬೇರೆಯವರು ಗೋಜಿಗೇ ಹೋಗುತ್ತಿರಲಿಲ್ಲ. ಮಾವ ಎರಡೂ ಬರೆಯುತ್ತಿದ್ದ. ಗೋಡೆಗೆ, ಅಂಗಡಿ ಬೋರ್ಡಿಗೆ, ಗುಡಿ ಬಾಗಿಲಿಗೆ ಮಾತ್ರ ಯಾರು ಎಷ್ಟು ಕೇಳಿದರೂ ಅವನು ಓಡುವ ಅಕ್ಷರ ಬರೆದವನಲ್ಲ.

"ನಿಂತಿರೋದಕ್ಕೆ ನಿಂತಿರೋ ಅಕ್ಷರ, ಓಡೋದಕ್ಕೆ ಓಡೋ ಅಕ್ಷರ. ಗೋಡೆ ಎಲ್ಲಿಗ್ ಹೋಗ್ತೈತ್ಲಾ?" ಅನ್ನುತ್ತಿದ್ದ.

ಕೆಲಸದ ರೀತಿ ಹೀಗಿತ್ತು. ಮಾವ ಷೆಡ್ಡಿನಲ್ಲಿ ತಗಡಿನ ಮೇಲೆ ಸುಣ್ಣ ಸವರಿದ ದಾರ ಬಿಗಿಹಿಡಿದು ಮೀಟಿ, ಓರೆಗೆರೆಗಳನ್ನು ಬೀಳಿಸಿಕೊಳ್ಳುತ್ತಿದ್ದ. ಆ ಗೆರೆಗಳ ಮೇಲೆ ಸಣ್ಣ ಬ್ರಷ್ಷಿನಿಂದ ಅಕ್ಷರದ ಅಂಚು ಮಾತ್ರ ಎಳೆಯುತ್ತಿದ್ದ. ಒಳಗೆಲ್ಲ ಖಾಲಿ. ಅಂಚು ಒಣಗಿದ ಮೇಲೆ ತಗಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದು ಜಗಲಿಗೆ ಒರಗಿಸಿ ಹೋಗುತ್ತಿದ್ದ. ಅಡುಗೆ ಮುಗಿದ ಮೇಲೆ ಅತ್ತೆ ಕಾಲು ಚಾಚಿ ಕೂತು, ತಗಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ತೆಂಗಿನ ಕರಟದಲ್ಲಿ ಪೇಂಟು ಕಲಸಿ ಒಳಗೆ ತುಂಬುತ್ತಿದ್ದಳು. ಅತ್ತೆಯ ಓದು ಎರಡನೇ ಕ್ಲಾಸಿಗೇ ನಿಂತಿತ್ತು, ಅದೂ ತೆಲುಗಿನಲ್ಲಿ. ತಾನು ತುಂಬುತ್ತಿರುವುದು ಯಾವ ದೇವರ ಹೆಸರು ಅಂತ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡು, ಕೈಮುಗಿದು ಶುರು ಮಾಡುತ್ತಿದ್ದಳು.

ಆ ಕಸುಬಿನಲ್ಲಿ ಗೆರೆ ಎಳೆದವನೇ ಬರೆದವನು. ತುಂಬಿದವರು ಲೆಕ್ಕಕ್ಕಿಲ್ಲ. ತಗಡಿನ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕಿಕೊಳ್ಳುವುದು ಗೆರೆಯವನು. ಇದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ಅತ್ತೆಯೂ ಅಂದುಕೊಂಡಿರಲಿಲ್ಲ, ನಾನು ಹೋಗಿ ಅವಳ ತಲೆಗೆ ಹುಳ ಬಿಡುವವರೆಗೆ.

ಸ್ಟಿಕ್ಕರ್ ಬಂತು, ಆಮೇಲೆ ಫ್ಲೆಕ್ಸ್ ಬಂತು. ಮಾವನ ಕೆಲಸ ಕರಗುತ್ತಾ ಬಂದು, ತೋಳು ಎತ್ತಲಾಗದ ನೋವೂ ಸೇರಿಕೊಂಡು ಅವನು ಮನೆಯಲ್ಲಿ ಕೂತ. ಒಂದು ದಿನ ಖಾಕಿ ಕಾಗದದ ಒಂದು ದೊಡ್ಡ ಕಟ್ಟು ಹೊತ್ತುಕೊಂಡು ನನ್ನ ಅಂಗಡಿಗೆ ಬಂದು ಮೇಜಿನ ಮೇಲೆ ಹಾಕಿದ. ಅವನು ತಗಡಿಗೆ ಇಳಿಸುವ ಮುಂಚೆ ಕಾಗದದಲ್ಲಿ ತೆಗೆದುಕೊಳ್ಳುತ್ತಿದ್ದ ಅಕ್ಷರದ ಮಾದರಿಗಳು.

"ಅದೇನೋ ಫಾಂಟು ಅಂತೀಯಲ್ಲ, ಇದ್ರಲ್ಲಿ ಆಗ್ತದಾ ನೋಡ್ಲಾ. ಸುಮ್ನೆ ಇಲಿ ತಿಂದ್ಬುಡ್ತವೆ" ಅಂದ.

ನನಗೆ ಖುಷಿಯಾಯಿತು. ಬೇರೆ ಯಾರೋ ಮಾಡಿದ ಅಕ್ಷರಗಳಲ್ಲೇ ಜೀವಮಾನ ಸವೆಸಿದವನು ನಾನು. ನಮ್ಮದೇ ಒಂದು ಇರಲಿ ಅನ್ನಿಸಿತು. ಆಗ ನನಗೆ ಗೊತ್ತಿರಲಿಲ್ಲ, ಅದು ಎಂಥ ಹೊಂಡ ಅಂತ. ಇಂಗ್ಲಿಷಿಗಾದರೆ ಒಂದು ಹಿಡಿ ಅಕ್ಷರ ಮಾಡಿ ಕೈತೊಳೆದುಕೊಳ್ಳಬಹುದು. ಕನ್ನಡಕ್ಕೆ ಕಾಗುಣಿತ ಇದೆ, ಒತ್ತಕ್ಷರ ಇದೆ, ಕೊಂಬು ಇದೆ, ದೀರ್ಘ ಇದೆ. ಸಾಲದ್ದಕ್ಕೆ, ಮಾವನ ಕಾಗದದಲ್ಲಿ ಇಲ್ಲದ್ದನ್ನು ನಾನೇ ಬರೆದು ಕಂಪ್ಯೂಟರಿಗೆ ವಾಲಿಸು ಅಂದರೆ ಅದು ಅಕ್ಷರ ಕೂರುವ ಗೆರೆಯಿಂದ ಮೇಲಿರುವುದನ್ನು ಬಲಕ್ಕೆ ತಳ್ಳುತ್ತದೆ, ಕೆಳಗಿರುವುದನ್ನು ಎಡಕ್ಕೆ. ಒತ್ತಕ್ಷರಗಳೆಲ್ಲ ಜಾರಿ ಹಿಂದಿನ ಅಕ್ಷರದ ಕಾಲ ಕೆಳಗೆ ಹೋಗಿ ನಿಲ್ಲುತ್ತವೆ. ಸಂತೆಯಲ್ಲಿ ಅಮ್ಮನ ಸೆರಗು ಬಿಟ್ಟು ಬೇರೆಯವಳ ಸೆರಗು ಹಿಡಿದ ಮಗುವಿನ ಹಾಗೆ. ಒಂದೊಂದನ್ನೂ ಕರೆದುಕೊಂಡು ಬಂದು ಅದರದರ ತಾಯಿಯ ಹತ್ತಿರ ನಿಲ್ಲಿಸಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೂವರೆ ವರ್ಷ ಅದನ್ನೇ ಮಾಡಿದೆ.

ಮಾಡಿ ಮುಗಿಸಿ ಒಂದು ಮದುವೆ ಬ್ಯಾನರಿಗೆ ಹಾಕಿ ನೋಡಿದರೆ ಅಕ್ಷರ ಜ್ವರದಿಂದ ಎದ್ದವರ ಹಾಗಿತ್ತು. ವಾಲಿದೆ, ಆದರೆ ಓಡುತ್ತಿಲ್ಲ. ತೂರಾಡುತ್ತಿದೆ. ಗಿರಾಕಿ ಮುಖ ಹುಳ್ಳಗೆ ಮಾಡಿ, "ಹಳೇದೇ ಹಾಕಿ ಸಾರ್" ಅಂದ. ಮಾವನನ್ನು ಕರೆದು ತೋರಿಸಿದೆ. ಅವನು ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ, "ಇದು ನನ್ನ ಅಕ್ಷರ ಅಲ್ಲ. ನಿನ್ ಕಂಪ್ಯೂಟರ್ನಲ್ಲಿ ಏನೋ ಕೆಡಿಸ್ಬುಟ್ಟಿದೀಯ" ಅಂದ. ಕೆಡಿಸಿಲ್ಲ ಅಂತ ಖಾಕಿ ಕಾಗದವನ್ನು ಪರದೆಯ ಪಕ್ಕ ಹಿಡಿದು ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಾವ ಸಿಟ್ಟುಮಾಡಿಕೊಂಡು ಎದ್ದುಹೋದ. ನಾನು ಆ ಫೈಲನ್ನು ಮುಚ್ಚಿ ಎರಡು ತಿಂಗಳು ಅದರ ಮುಖ ನೋಡಲಿಲ್ಲ.

ಆಮೇಲೆ ಜವಳಗಿರಿ ಕಡೆಯ ಒಬ್ಬ ರೈತರ ಮಗಳ ಮದುವೆ ಬ್ಯಾನರ್ ಕಟ್ಟಿಕೊಡಲು ಹೋಗಿದ್ದೆ. ಅವರ ರಾಗಿ ಹೊಲದ ಅಂಚಿನಲ್ಲಿ ಕಾವಲಿನ ಅಟ್ಟಣೆ, ಅದರ ಕಂಬಕ್ಕೆ ಒಂದು ತಗಡು ತೂಗುಹಾಕಿದ್ದರು. ಆನೆ ಬಂದರೆ ಬಡಿದು ಸದ್ದು ಮಾಡುವ ತಗಡು. ಏಟು ತಿಂದು ತಿಂದು ಅಲ್ಲಲ್ಲಿ ಸೊಟ್ಟಗಾಗಿತ್ತು. ಹತ್ತಿರ ಹೋಗಿ ನೋಡಿದರೆ ಹಳೇ ಲಾರಿಯ ಹಣೆತಗಡು, ಮಾವನ ಕೈ. ಬಣ್ಣ ಮಾಸಿದ್ದರೂ ಅಕ್ಷರ ಮಾತ್ರ ಇನ್ನೂ ಓಡುತ್ತಲೇ ಇತ್ತು. ಆ ದೇವರ ಹೆಸರಿನ ಮಾದರಿ ಕಾಗದ ನನ್ನ ಕಟ್ಟಿನಲ್ಲಿದೆ ಅಂತ ನೆನಪಾಯಿತು. ಮುಂದಿನ ವಾರ ಅದನ್ನು ಹಿಡಿದುಕೊಂಡು ಮತ್ತೆ ಬಸ್ಸು ಹತ್ತಿದೆ. ರೈತರು ತಗಡು ಇಳಿಸಿಕೊಟ್ಟು, ಇವನಿಗೇನೋ ತಲೆಕೆಟ್ಟಿದೆ ಅನ್ನುವ ಹಾಗೆ ನೋಡುತ್ತಾ ನಿಂತರು.

ಕಾಗದವನ್ನು ತಗಡಿನ ಮೇಲೆ ಇಟ್ಟೆ. ಅಕ್ಷರದ ಎಡ ಅಂಚು ಸರಿಯಾಗಿ ಕೂತಿತು. ಬಲಕ್ಕೆ ಬಂದರೆ ಬಣ್ಣ ಗೆರೆ ದಾಟಿ ಅರ್ಧ ಬೆರಳಗಲ ಆಚೆ ಹೋಗಿತ್ತು. ಕೆಳಗೂ ಅಷ್ಟೆ. ಪ್ರತಿ ಅಕ್ಷರದಲ್ಲೂ, ಒಂದನ್ನೂ ಬಿಡದೆ. ಮಾವ ಎಳೆದ ಗೆರೆ ಬಣ್ಣದ ಹೊಟ್ಟೆಯೊಳಗೆ ಎಲ್ಲೋ ಮುಚ್ಚಿಹೋಗಿತ್ತು. ನಾನು ಒಂದೂವರೆ ವರ್ಷ ಕೂತು ಇಳಿಸಿದ್ದು ಯಾವತ್ತೂ ಯಾರೂ ನೋಡದ ಗೆರೆಯನ್ನು. ಜನ ನೋಡಿ ಮೆಚ್ಚಿದ್ದು ಆ ಗೆರೆ ದಾಟಿದ್ದನ್ನು. ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತ ನನಗೆ ನಗು ಬಂತು, ಅಳುವೂ ಬಂತು.

ಫೋನಿನಲ್ಲಿ ತೆಗೆದುಕೊಂಡು ಬಂದ ಫೋಟೋ ಅತ್ತೆಗೆ ತೋರಿಸಿದೆ. ಸಕ್ಕರೆ ಕಾಯಿಲೆಯಿಂದ ಆಗಲೇ ಅವಳ ಕಣ್ಣು ಮಂಜಾಗುತ್ತಿತ್ತು. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕುಬಿಟ್ಟಳು.

"ಅಯ್ಯೋ, ಗೊತ್ತಾಗ್ಬುಡ್ತಾ? ನಿಮ್ಮಾವ ಎಳೆಯೋದು ಬಡಕಲು ಗೆರೆ ಕಣಪ್ಪ. ಹಂಗೇ ತುಂಬುದ್ರೆ ಲಾರಿ ಹತ್ರ ಬರೋವರ್ಗೂ ಕಾಣ್ತಿರ್ಲಿಲ್ಲ. ನಾನು ಸ್ವಲ್ಪ ಆಚ್ಗೆ ಬಿಡ್ತಿದ್ದೆ."

"ಬಲಕ್ಕೆ, ಕೆಳಕ್ಕೆ ಮಾತ್ರ ಯಾಕತ್ತೆ? ಒಳಗಡೆಗೆ ಯಾಕೆ ಬಿಡ್ಲಿಲ್ಲ?"

"ಒಳಗ್ ತುಂಬುದ್ರೆ ಅಕ್ಷರಕ್ಕೆ ಉಸ್ರು ಕಟ್ಬುಡ್ತದಲ್ಲ! ಆ ಸಣ್ ಸಣ್ ಸೀಳು ಮುಚ್ಚೋದ್ರೆ ಒಂದು ಇನ್ನೊಂದಾಗ್ತದೆ. ಆಚೆ ಬೆಳೀಬೇಕು, ಒಳಗೆ ಬೆಳೀಬಾರ್ದು."

ಅಕ್ಷರವನ್ನು ದಪ್ಪ ಮಾಡುವುದರ ಗುಟ್ಟು ಅಷ್ಟೇ. ಎರಡನೇ ಕ್ಲಾಸಿನ ತೆಲುಗು ಓದಿದವಳು ಕರಟ ಹಿಡಿದುಕೊಂಡು ಕಂಡುಕೊಂಡಿದ್ದಳು. ನಾನು ಪರದೆಯ ಮುಂದೆ ಇಪ್ಪತ್ತು ವರ್ಷ ಕೂತು ಕಂಡುಕೊಂಡಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಓಡುವುದು ಮಾವನದು, ದಪ್ಪ ನಿನ್ನದು ಅತ್ತೆ, ಜನ ಕಂಡಿದ್ದು ನಿನ್ನ ದಪ್ಪ ಅಂದೆ. ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿ ವಾಪಸ್ ಕೊಟ್ಟಳು.

"ಹಂಗಾದ್ರೆ ನಿಮ್ಮಾವ ಒಂದ್ಸಲ ಹೇಳ್ಲಿ ಸಾಕು ಕಣಪ್ಪ. ದಪ್ಪ ಇವ್ಳ್ದು ಅಂತ. ಇನ್ನೇನೂ ಬ್ಯಾಡ ನಂಗೆ" ಅಂದಳು.

ಮಾವ ಒಪ್ಪಲಿಲ್ಲ. ಫೋಟೋ ನೋಡಿದ, ಕಾಗದ ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು ಅಂತ ಅವನ ಮುಖವೇ ಹೇಳುತ್ತಿತ್ತು. ಅಷ್ಟು ವರ್ಷ ತಗಡನ್ನು ಜಗಲಿಯಿಂದ ಎತ್ತಿ ಲಾರಿಗೆ ಕೂರಿಸಿದವನ ಕಣ್ಣಿಗೆ ಬೀಳದೆ ಇರುತ್ತದೆಯೇ? "ತುಂಬೋದು ಯಾರ್ ಬೇಕಾದ್ರೂ ತುಂಬ್ತಾರೆ. ಗೆರೆ ಇಲ್ದಿದ್ರೆ ಎಲ್ಲಿಗ್ ತುಂಬ್ತಿದ್ಲು?" ಅಂದ. ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಫಾಂಟನ್ನು ಮೊದಲಿನಿಂದ ಮಾಡಬೇಕಾಯಿತು. ಈ ಸಲ ಅತ್ತೆಯ ಕೈಯಿಂದ. ಮಾವನ ಗೆರೆಯಕ್ಷರಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ದಪ್ಪ ಮಾರ್ಕರ್ ಪೆನ್ನು ಕೊಟ್ಟು, ತುಂಬು ಅಂದೆ. ಭಾನುವಾರ ಬೆಳಗ್ಗೆ ಹೋಗುತ್ತಿದ್ದೆ. ಅವಳು ಜಗಲಿಯ ಬಿಸಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು, ಹಳೇ ತಗಡಿನ ಮೇಲೆ ಕಾಗದ ಹಾಸಿ, ಮೂಗು ತಗಲುವಷ್ಟು ಬಗ್ಗಿ ತುಂಬುತ್ತಿದ್ದಳು. ಗೆರೆ ಕಾಣುವುದಿಲ್ಲ ಅನ್ನುತ್ತಿದ್ದಳು, ಆದರೂ ಕೈ ದಾಟಬೇಕಾದಲ್ಲಿ ದಾಟುತ್ತಿತ್ತು, ನಿಲ್ಲಬೇಕಾದಲ್ಲಿ ನಿಲ್ಲುತ್ತಿತ್ತು. ಮೊದಲು ಒಂದು ಬೆಳಗಿಗೆ ಹತ್ತು ಅಕ್ಷರ ಆಗುತ್ತಿತ್ತು. ಆಮೇಲೆ ಐದು. ಆಮೇಲೆ ಎರಡು. ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದ ವಾರ ಒಂದೂ ಆಗಲಿಲ್ಲ, ಇಬ್ಬರೂ ಸುಮ್ಮನೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆವು. ಕೊನೆಯ ಒತ್ತಕ್ಷರಗಳು ಅವಳಿಂದ ಆಗಲಿಲ್ಲ. ಅವನ್ನು ಅವಳು ತುಂಬಿದ ಉಳಿದವನ್ನು ನೋಡಿ ಊಹೆಯ ಮೇಲೆ ನಾನೇ ಮಾಡಿದೆ. ಇವತ್ತಿಗೂ ಬ್ಯಾನರಿನಲ್ಲಿ ನನ್ನ ಒತ್ತು ಯಾವುದು ಅಂತ ನನಗೆ ಗೊತ್ತಾಗುತ್ತದೆ. ಸ್ವಲ್ಪ ಹೆದರಿಕೊಂಡಿರುತ್ತದೆ.

ಫಾಂಟಿನ ಒಳಗೆ ಮಾಡಿದವರ ಹೆಸರು ಬರೆಯುವ ಒಂದು ಜಾಗ ಇರುತ್ತದೆ. ಯಾರೂ ತೆರೆದು ನೋಡುವುದಿಲ್ಲ. ಅಲ್ಲಿ ಇಬ್ಬರ ಹೆಸರನ್ನೂ ಹಾಕುತ್ತೇನೆ ಅಂದೆ. "ತಗಡಿನ ಮೂಲೇಲಿ ಎರಡು ಹೆಸರು ಎಲ್ಲಾದ್ರೂ ನೋಡಿದೀಯೇನ್ಲಾ?" ಅಂದ ಮಾವ. ನಾನು ನೋಡಿರಲಿಲ್ಲ. ಅವನ ಹೆಸರೊಂದನ್ನೇ ಹಾಕಿದೆ. ಜಗಳಕ್ಕೆ ನಿಲ್ಲಬಹುದಿತ್ತು. ಆವತ್ತು ಅಂಗಡಿಯಲ್ಲಿ ಚುನಾವಣೆಯ ಕೆಲಸ ರಾಶಿ ಬಿದ್ದಿತ್ತು, ಆಮೇಲೆ ನೋಡೋಣ ಅಂದುಕೊಂಡೆ.

ಅಕ್ಷರ ಊರಿಗೆ ಬಿತ್ತು. ನಾನು ಎರಡು ಅಂಗಡಿಯವರಿಗೆ ಕೊಟ್ಟಿದ್ದು, ಅವರು ಪೆನ್‌ಡ್ರೈವಿನಲ್ಲಿ ಇಪ್ಪತ್ತು ಅಂಗಡಿಗೆ ಹಂಚಿದರು. ಅದಕ್ಕೆ ನನ್ನ ತಕರಾರಿಲ್ಲ. ಬಳಸಿದ ರೀತಿಗೆ ಮಾತ್ರ ಮಾವನಿಗೆ ಎದೆಯುರಿ. ಹಿಟ್ಟಿನ ಗಿರಣಿಯ ಬೋರ್ಡು ಓಡುತ್ತಿತ್ತು. ಹಲ್ಲಿನ ಡಾಕ್ಟರ ಬೋರ್ಡು ಓಡುತ್ತಿತ್ತು. ಕಬಡ್ಡಿ ಪಂದ್ಯದ ಬ್ಯಾನರಿಗೆ ಹಾಕಿದ್ದು ನೋಡಿ ಮಾತ್ರ ಅವನು, ಇದು ಸರಿ ಅಂದ. ಕಾಡಿನ ರಸ್ತೆಯಲ್ಲಿ ಆನೆ ದಾಟುವ ಜಾಗ, ನಿಧಾನವಾಗಿ ಹೋಗಿ ಅನ್ನುವ ಬೋರ್ಡನ್ನು ಯಾರೋ ಇದೇ ಅಕ್ಷರದಲ್ಲಿ ಮಾಡಿಸಿದ್ದರು. ನಿಧಾನ ಅನ್ನುವ ಮಾತೇ ದಾಪುಗಾಲು ಹಾಕುತ್ತಿತ್ತು. ಇನ್ನು ಸಾವಿನ ಬ್ಯಾನರುಗಳು. ಸತ್ತವರ ಫೋಟೋದ ಕೆಳಗೆ ಅವರ ಹೆಸರು ಬಲಕ್ಕೆ ವಾಲಿ ಓಟ ಕೀಳುತ್ತಿರುತ್ತಿತ್ತು. "ಹೋದವ್ರನ್ನ ಇನ್ನೂ ಎಲ್ಲಿಗ್ಲಾ ಓಡಿಸ್ತೀರಿ? ನಿಲ್ಲುಸ್ರೋ" ಅಂತ ಮಾವ ಬೀದಿಯಲ್ಲೇ ಕೂಗಾಡಿದ್ದುಂಟು. ಎಡಕ್ಕೆ ವಾಲುವ ಅಕ್ಷರ ಯಾಕೆ ಮಾಡಲಿಲ್ಲ ಅಂತ ನನ್ನ ಮೇಲೂ ಅವನಿಗೆ ಸಿಟ್ಟಿತ್ತು. ಫ್ಲೆಕ್ಸಿಗೆ ಬಲಬದಿ ಎಡಬದಿ ಇಲ್ಲ ಮಾವ ಅಂದರೆ, ಅದೂ ಒಂದು ಬದುಕಾ ಅಂದ.

ಲಾರಿ ಮಾಲೀಕರೆಲ್ಲ ಸೇರಿ ಒಂದು ಕಲ್ಯಾಣಮಂಟಪದಲ್ಲಿ ಮಾವನಿಗೆ ಸನ್ಮಾನ ಇಟ್ಟುಕೊಂಡರು. ನಮ್ಮ ಮೇಸ್ತ್ರಿಯ ಅಕ್ಷರ ಕಂಪ್ಯೂಟರಿಗೆ ಬಂತು ಅಂತ ಅವರಿಗೆ ಹೆಮ್ಮೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಅತ್ತೆ ಮೂರನೇ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಹಬ್ಬದ ಸೀರೆ ಉಟ್ಟು, ಕೈಗೆ ಹೊಸ ಬಳೆ ಹಾಕಿಕೊಂಡು ಬಂದಿದ್ದಳು. ಇವತ್ತು ಹೇಳುತ್ತಾನೆ ಅಂತ ಅವಳಿಗೆ ಅನ್ನಿಸಿತ್ತು. ನನಗೂ ಅನ್ನಿಸಿತ್ತು. ಮಾವ ಮೈಕ್ ಹಿಡಿದು ತನ್ನ ಗುರುಗಳನ್ನು ನೆನೆದ, ಷೆಡ್ಡಿನವರನ್ನು ನೆನೆದ, ಡ್ರೈವರುಗಳನ್ನು ನೆನೆದ. ಅಳಿಲಿನ ಕೂದಲಿನ ಬ್ರಷ್ಷಿಗೆ ಕೈಮುಗಿದ. ಆಮೇಲೆ ಕೂತುಬಿಟ್ಟ. ಮೈಕ್ ನನ್ನ ಕೈಗೆ ಬಂತು. ಹಿಂದಿನ ಎರಡು ದಿನ ನಾನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ತುಂಬಿದ ಸಭೆಯಲ್ಲಿ ಮಾವನ ಮುಖ ಕೆಡಿಸುವುದು ಬೇಡ ಅನ್ನಿಸಿತು. ಎಲ್ಲರಿಗೂ ನಮಸ್ಕಾರ, ಊಟ ಮಾಡಿಕೊಂಡು ಹೋಗಿ ಅಂದೆ. ಅಷ್ಟೇ ನಾನು ಆಡಿದ್ದು.

ವಾಪಸ್ ಬರುವಾಗ ಆಟೋದಲ್ಲಿ ಮಾವ ಮುಂದೆ ಡ್ರೈವರ್ ಪಕ್ಕ ಕೂತಿದ್ದ. ಅತ್ತೆ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಿವಿಯ ಹತ್ತಿರ ಬಂದು, "ಅಳಿಲಿಗೂ ನಮಸ್ಕಾರ ಹೇಳ್ದ ನೋಡ್ದಾ ನಿಮ್ಮಾವ" ಅಂದಳು. ನಕ್ಕಳು. ನನಗೆ ನಗಲು ಆಗಲಿಲ್ಲ. ಅವಳು ನನ್ನನ್ನೂ ಸೇರಿಸಿಯೇ ಹೇಳಿದಳು ಅಂತ ಈಗಲೂ ಅನ್ನಿಸುತ್ತದೆ.

ಅದಾಗಿ ನಾಲ್ಕು ತಿಂಗಳಿಗೆ ಅತ್ತೆ ಹೋದಳು. ಬೆಳಗ್ಗೆ ಕಾಫಿ ಕುಡಿದು ಮತ್ತೆ ಮಲಗಿದವಳು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಮಾವ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನಮ್ಮ ಕಡೆ ಹೆಣ ಎತ್ತುವುದಕ್ಕೆ ಮುಂಚೆಯೇ ಬೀದಿಯ ಮೂಲೆಗೆ ಬ್ಯಾನರ್ ಏಳಬೇಕು, ಇಲ್ಲದಿದ್ದರೆ ಬರುವವರಿಗೆ ಮನೆ ಗೊತ್ತಾಗುವುದಿಲ್ಲ, ಹೋದವರಿಗೆ ಮರ್ಯಾದೆ ಆಗುವುದಿಲ್ಲ. ಅದು ನನ್ನ ಕೆಲಸ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಅಂಗಡಿಗೆ ಹೋದೆ.

ಅತ್ತೆಯ ಹೆಸರು ಟೈಪ್ ಮಾಡಿದೆ. ಕೈ ಅಭ್ಯಾಸಬಲದಿಂದ ನಮ್ಮ ಫಾಂಟನ್ನೇ ಆರಿಸಿತು. ಹೆಸರು ಬಲಕ್ಕೆ ವಾಲಿ ಓಡಿತು. ಹೋದವರನ್ನು ಇನ್ನೂ ಎಲ್ಲಿಗೆ ಓಡಿಸುತ್ತೀರಿ ಅಂದ ಮಾವನ ಮಾತು ನೆನಪಾಗಿ ಕೈ ನಿಂತಿತು. ಜೀವನವಿಡೀ ಒಂದು ಜಗಲಿಯಲ್ಲಿ ಕೂತವಳು, ಎಲ್ಲಿಗೂ ಓಡಿದವಳಲ್ಲ. ಬೇರೆ ನೆಟ್ಟಗಿನ ಫಾಂಟುಗಳನ್ನು ಹಾಕಿ ನೋಡಿದೆ. ಯಾವುದೂ ಅವಳ ಹೆಸರಿಗೆ ಹೊಂದಲಿಲ್ಲ. ಎಲ್ಲ ಬೇರೆಯವರ ಮನೆಯ ಅಕ್ಷರಗಳು.

ಕೊನೆಗೆ ನಮ್ಮದನ್ನೇ ತೆಗೆದುಕೊಂಡು ಅದರ ಓರೆಯನ್ನು ವಾಪಸ್ ಎಳೆದೆ. ಮಾವ ಎಷ್ಟು ವಾಲಿಸಿದ್ದನೋ ಅಷ್ಟೂ ಹಿಂದಕ್ಕೆ. ಒತ್ತಕ್ಷರಗಳು ಮತ್ತೆ ದಾರಿ ತಪ್ಪಿದವು, ಈ ಸಲ ಬಲಕ್ಕೆ. ಒಂದೊಂದನ್ನೂ ಕರೆತಂದು ನಿಲ್ಲಿಸಿದೆ. ಅಂಚುಗಳು ಕೆಲವು ಕಡೆ ಸೊಟ್ಟಗಾಗಿದ್ದವು, ಅವನ್ನು ತಿದ್ದಿದೆ. ದಪ್ಪವನ್ನು ಮಾತ್ರ ಮುಟ್ಟಲಿಲ್ಲ. ಓಟ ತೆಗೆದ ಮೇಲೆ ಅಕ್ಷರದಲ್ಲಿ ಉಳಿದದ್ದು ಆ ದಪ್ಪ ಒಂದೇ. ಕಾಲು ಚಾಚಿ ನೆಮ್ಮದಿಯಾಗಿ ಕೂತ ಹೆಂಗಸಿನ ಹಾಗೆ ಕೂತಿತ್ತು. ಎರಡು ಗಂಟೆ ಬೇಕಾಯಿತು. ಮಣಿಕಟ್ಟು ಸಿಡಿಯುತ್ತಿತ್ತು. ಫಾಂಟ್ ತೆರೆದೇ ಇತ್ತಲ್ಲ, ಆ ಹೆಸರಿನ ಜಾಗಕ್ಕೆ ಹೋಗಿ ಮಾವನ ಹೆಸರಿನ ಮುಂಚೆ ಅತ್ತೆಯ ಹೆಸರು ಬರೆದೆ. ಅದು ನನ್ನ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಊರ ತುಂಬ ಹಂಚಿಹೋದ ಫಾಂಟುಗಳಲ್ಲಿ ಇವತ್ತಿಗೂ ಅವಳಿಲ್ಲ.

ಬ್ಯಾನರನ್ನು ಬೀದಿಯ ಮೂಲೆಗೆ ಕಟ್ಟಿದೆ. ಮಾವ ಕೂತಲ್ಲಿಂದ ನೇರವಾಗಿ ಕಾಣುತ್ತಿತ್ತು. ಅವನು ಓದಿದನೋ ಇಲ್ಲವೋ, ನೋಡುತ್ತಾ ಕೂತಿದ್ದ. ಆಗ ಹಾರ ಹಿಡಿದುಕೊಂಡು ಒಬ್ಬ ಹಳೇ ಲಾರಿ ಡ್ರೈವರ್ ಬಂದರು. ಮಾವ ಬರೆದ ಗಾಡಿಗಳನ್ನೇ ಜೀವಮಾನವೆಲ್ಲ ಓಡಿಸಿದವರು. ಬ್ಯಾನರಿನ ಮುಂದೆ ನಿಂತು ತಲೆ ಓರೆ ಮಾಡಿ ನೋಡಿ, ಮಾವನ ಹತ್ತಿರ ಬಂದು ಕೈಹಿಡಿದುಕೊಂಡರು.

"ಇದ್ಯಾರ್ ಕೈ ಮೇಸ್ತ್ರಿ? ನಿಮ್ದು ಅನ್ಸುತ್ತೆ, ನಿಮ್ದಲ್ಲ ಅಂತಾನೂ ಅನ್ಸುತ್ತೆ."

ಮಾವ ಇನ್ನೊಂದು ಸಲ ಬ್ಯಾನರಿನ ಕಡೆ ನೋಡಿದ.

"ಓಡ್ಸಿದ್ದು ನಾನು. ಅದನ್ನ ಇವ್ನು ತೆಗೆದ್ಬುಟ್ಟವ್ನೆ" ಅಂದ, ನನ್ನ ಕಡೆ ಗದ್ದ ತೋರಿಸಿ. "ಈಗ ಅಲ್ಲಿ ಉಳ್ದಿರೋದೆಲ್ಲ ನಮ್ಮನೆಯವ್ಳ್ದು. ಮೊದ್ಲಿಂದ್ಲೂ ದಪ್ಪ ಅವ್ಳ್ದೇ."

ಡ್ರೈವರ್ ತಲೆಯಾಡಿಸಿದರು. ಎಷ್ಟು ಹೊತ್ತಿಗೆ ಎತ್ತುತ್ತೀರಿ ಅಂತ ಕೇಳಿ, ಹಾರ ಹಿಡಿದು ಒಳಗೆ ಹೋದರು.

ನನ್ನ ಕೈಯಲ್ಲಿ ಇನ್ನೂ ಬ್ಯಾನರಿನ ಹಗ್ಗ ಇತ್ತು. ಸಿಟ್ಟು ಬಂತು. ಬದುಕಿದ್ದಾಗ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅವಳು ಕೇಳಿದ್ದು ಆ ಒಂದು ಮಾತು, ಅದನ್ನು ದಾರಿಯಲ್ಲಿ ಬಂದ ಡ್ರೈವರಿಗೆ ಹೇಳುತ್ತಾನೆ. ಅತ್ತೆ ಹತ್ತು ಹೆಜ್ಜೆ ಆಚೆ ನಡುಮನೆಯಲ್ಲಿ ಮಲಗಿದ್ದಳು.

"ಒಳಗೆ ಹೋಗಿ ಅವಳ ಹತ್ತಿರ ಹೇಳಿ ಬಾ ಮಾವ" ಅಂದೆ.

ಮಾವ ಕುರ್ಚಿಯ ತೋಳು ಹಿಡಿದು ಎದ್ದ. ಹೊಸಿಲವರೆಗೆ ಹೋದ. ಒಳಗೆ ನೆಂಟರ ಹೆಂಗಸರು ಸುತ್ತ ಕೂತಿದ್ದರು, ಅವನನ್ನು ಕಂಡು ಜಾಗ ಬಿಟ್ಟರು. ಅವನು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ತಿರುಗಿ ಬಂದು ಕುರ್ಚಿಯಲ್ಲಿ ಕೂತ.

"ಎಲ್ರೂ ಅವ್ರೆ ಕಣ್ಲಾ" ಅಂದ.

ಆವತ್ತು ಮೈಕ್ ಕೈಗೆ ಬಂದಾಗ ನನಗೂ ಎಲ್ಲರೂ ಇದ್ದದ್ದೇ ಅಡ್ಡ ಬಂದಿತ್ತು. ಹಗ್ಗ ಸುತ್ತಿ ಕೆಳಗಿಟ್ಟು ಅವನ ಪಕ್ಕದ ಕುರ್ಚಿಯಲ್ಲಿ ಕೂತೆ.